ಕದ್ದು ಉಣಿಸಿದ ತುಪ್ಪ

ಮೊಮ್ಮಗಳ ಕಾಲುಚೀಲ ಎಳೆಯುತ್ತಿದ್ದ ಮುದಕವ್ವನ ಕೈ ನಡುವೆಯೇ ನಿಂತುಬಿಟ್ಟಿತು. ಕಾಲುಚೀಲದ ಅಂಚು ಕುಳಿತಿದ್ದ ಕಡೆ ಸುತ್ತಲೂ ಆಳವಾದ ಗೆರೆ ಬಿದ್ದಿತ್ತು. ಗೆರೆಯ ಮೇಲೂ ಕೆಳಗೂ ಮಾಂಸ ಉಬ್ಬಿಕೊಂಡಿತ್ತು. ಏಳು ವರ್ಷದ ವಿಜಯಶ್ರೀ ಕಟ್ಟೆಯ ಮೇಲೆ ಕುಳಿತು, ಅಂದು ಶಾಲೆಯಲ್ಲಿ ಯಾರ ಡಬ್ಬಿಯನ್ನು ಯಾರು ಕದ್ದು ತಿಂದರೆಂದು ಹೇಳುತ್ತಲೇ ಇದ್ದಳು. ಮುದಕವ್ವ ಆ ಪಾದದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಬೆರಳು ತೆಗೆದಳು. ಒತ್ತಿದ ಕಡೆ ಗುಳಿ ಉಳಿಯಿತು. ಹತ್ತರವರೆಗೆ ಎಣಿಸಿದಳು. ಗುಳಿ ತುಂಬಲಿಲ್ಲ.

"ಆಯಿ, ಏನ್ ನೋಡಾಕತ್ತಿ?"

"ಏನಿಲ್ಲವಾ. ಮಣ್ಣ ಹತ್ತಿತ್ತು."

ಆ ಗುಳಿಯನ್ನು ಮುದಕವ್ವ ಮೊದಲು ಕಂಡದ್ದು ಹತ್ತು ವರ್ಷದ ಹಿಂದೆ, ಇದೇ ಕಟ್ಟೆಯ ಮೇಲೆ, ಈ ಹುಡುಗಿಯ ಅಣ್ಣ ಸ್ವಪ್ನಿಲ್‌ನ ಪಾದದಲ್ಲಿ. ಆಗ ಅವನಿಗೆ ನಾಲ್ಕು ವರ್ಷ. ಮೊದಲು ಪಾದ ಬಾತಿತು, ಆಮೇಲೆ ಮೀನಖಂಡ, ಆಮೇಲೆ ಹೊಟ್ಟೆ. ದಿನಕ್ಕೆ ಆರೇಳು ಸಲ ಭೇದಿ. ಒಬ್ಬ ಡಾಕ್ಟರು ಕಿಡ್ನಿ ಎಂದರು, ಇನ್ನೊಬ್ಬರು ಲಿವರ್ ಎಂದರು, ಮೂರನೆಯವರು ಮಗುವಿಗೆ ಶಕ್ತಿ ಇಲ್ಲ, ಚೆನ್ನಾಗಿ ಹಾಲು ತುಪ್ಪ ತಿನ್ನಿಸಿ ಎಂದರು. ಏಳು ತಿಂಗಳಿಗೆ ಹುಡುಗ ಹೋದ. ವಿಜಯಶ್ರೀ ಹುಟ್ಟಿದ್ದು ಅವನು ಹೋದ ಎರಡು ವರ್ಷಕ್ಕೆ. ತನಗೊಬ್ಬ ಅಣ್ಣನಿದ್ದನೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಫೋಟೊ ಟ್ರಂಕಿನ ತಳ ಸೇರಿತ್ತು, ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಬೆಲ್ಲದ ಬಾಗೇವಾಡಿಯ ಊರ ಹೊರಗೆ, ಕಬ್ಬಿನ ನಡುವೆ ಅವರ ತೋಟದ ಮನೆ. ಮುದಕವ್ವನ ಮಗ ಬಾಳೇಶ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಸೊಸೆ ನಂದಾ ಹೊರಗಿನವಳಲ್ಲ, ಮೂಡಲಗಿಯಲ್ಲಿದ್ದ ಮುದಕವ್ವನ ತಮ್ಮನ ಮಗಳು. ತಾನೇ ಎತ್ತಿ ಆಡಿಸಿದ ಹುಡುಗಿಯನ್ನು ಮುದಕವ್ವ ಹಟ ಹಿಡಿದು ಮನೆ ತುಂಬಿಸಿಕೊಂಡಿದ್ದಳು. ಕೊಟ್ಟಿಗೆಯಲ್ಲಿ ಮೂರು ಎಮ್ಮೆ. ಮುದಕವ್ವ ಕಾಸಿದ ತುಪ್ಪವೆಂದರೆ ಹುಕ್ಕೇರಿಯ ತನಕ ಹೆಸರು. ಹರಳು ಹರಳಾಗಿ, ಬಾಯಿಗಿಟ್ಟರೆ ಕರಗುವಂತಿರುತ್ತಿತ್ತು.

ಹುಡುಗ ಹೋದ ಮೇಲೆಯೂ ಮುದಕವ್ವನ ಪಾಲಿಗೆ ಅವನು ಹೋಗಿರಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕೊಟ್ಟಿಗೆಯಲ್ಲಿ ಮಜ್ಜಿಗೆ ಕಡೆಯಲು ಕುಳಿತರೆ ಬೆನ್ನ ಹಿಂದೆ ಉಸಿರಾಡಿದಂತಾಗುತ್ತಿತ್ತು. ಬೆಣ್ಣೆ ತೇಲುವ ಹೊತ್ತಿಗೆ ಸರಿಯಾಗಿ, "ಆಯಿ, ಬೆಣ್ಣಿ" ಎಂಬ ಸಣ್ಣ ದನಿ. ತಿರುಗಿ ನೋಡಿದರೆ ಕಂಬ, ಕಂಬಕ್ಕೆ ತೂಗುಹಾಕಿದ ಹಗ್ಗ. ಮೊದಮೊದಲು ಅತ್ತಳು, ಆಮೇಲೆ ಹೆದರಿದಳು. ಕೊನೆಗೆ ಅದೂ ಎಮ್ಮೆ ಕರೆಯುವಂತೆ, ಸಗಣಿ ಬಾಚುವಂತೆ ದಿನದ ಕೆಲಸಗಳಲ್ಲೊಂದಾಯಿತು. ನಿಂಬೆ ಗಾತ್ರದ ಬೆಣ್ಣೆ ತೆಗೆದು, ಹೊಲದ ಬದುವಿನ ಬೇವಿನ ಬುಡದಲ್ಲಿ ಅವನನ್ನು ಮಣ್ಣು ಮಾಡಿದ ಜಾಗದಲ್ಲಿಟ್ಟು ಬರುತ್ತಿದ್ದಳು. ನಾಯಿ ತಿನ್ನುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

ಈಗ ವಿಜಯಶ್ರೀಯ ಪಾದದ ಗುಳಿ ಕಂಡಾಗ ಮುದಕವ್ವನಿಗೆ ಹೊಳೆದದ್ದು ಒಂದೇ: ಅವನಿಗೆ ಅಲ್ಲಿ ಒಬ್ಬನೇ ಇರಲು ಬೇಸರವಾಗಿದೆ, ತಂಗಿಯನ್ನು ಕರೆಯುತ್ತಿದ್ದಾನೆ.

ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಬದಲಿಗೆ ಬೇವಿನ ಬುಡಕ್ಕೆ ಎರಡರಷ್ಟು ಬೆಣ್ಣೆ ಇಟ್ಟಳು. "ಆಕೀನ ಬಿಡೋ ನನ್ನಪ್ಪಾ, ನಿನಗ ಏನ ಬೇಕೋ ನಾ ಕೊಡ್ತೀನಿ" ಎಂದು ನೆಲಕ್ಕೆ ಹಣೆ ಹಚ್ಚಿದಳು. ಶಾಲೆಯಿಂದ ಬಂದ ಹುಡುಗಿಗೆ ನಂದಾ ನೋಡದಂತೆ ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದು, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ಕೊಟ್ಟಳು. ತಿಂದರೆ ಮೈಗೆ ಹತ್ತುತ್ತದೆ, ಮೈಗೆ ಹತ್ತಿದರೆ ಯಾರು ಕರೆದರೂ ಹೋಗುವುದಿಲ್ಲ. ಹನ್ನೊಂದು ದಿನ ಹೀಗೇ ನಡೆಯಿತು. ಹುಡುಗಿಯ ಕಣ್ಣಿನ ರೆಪ್ಪೆಗಳೂ ಊದಿಕೊಂಡವು.

ಹನ್ನೆರಡನೆಯ ದಿನ ಶಾಲೆಯಿಂದ ಫೋನು ಬಂತು. ನಂದಾ ಓಡಿದಳು, ಹಿಂದೆ ಮುದಕವ್ವ. ವಿಜಯಶ್ರೀ ಬೆಂಚಿನ ಮೇಲೆ ಕುಳಿತು ಕಣ್ಣೀರು ಸುರಿಸುತ್ತಿದ್ದಳು. ಎರಡೂ ಕೈಯ ಬೆರಳುಗಳು ಒಂದಕ್ಕೊಂದು ಸೇರಿ, ಹಾವಿನ ಹೆಡೆಯಂತೆ ಬಾಗಿ, ಬಿಗಿದುಕೊಂಡಿದ್ದವು. ಬಿಡಿಸಲು ಹೋದರೆ ಚೀರುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಲಗಮವ್ವ, ಶಾಲೆಯಲ್ಲಿ ಅಡುಗೆ ಮಾಡುವವಳು, "ಯವ್ವಾ, ಇದು ಡಾಕ್ಟರ್ ಕೈಯಾಗಿನ ಮಾತಲ್ಲ. ಯಾವುದೋ ಹೊಕ್ಕೈತಿ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುದಕವ್ವ ಆ ಬೆರಳುಗಳನ್ನು ಗುರುತಿಸಿದಳು. ಕೊನೆಯ ವಾರ ಸ್ವಪ್ನಿಲ್‌ನ ಕೈಗಳೂ ಹೀಗೇ ಆಗಿದ್ದವು.

ನಂದಾ ಮಾತ್ರ ಯಾರ ಮಾತಿಗೂ ಕಿವಿಗೊಡಲಿಲ್ಲ. ಮಗಳನ್ನು ಎತ್ತಿಕೊಂಡು, ಪಕ್ಕದ ತೋಟದ ಅಲ್ಲಪ್ಪನ ಕಾರಿನಲ್ಲಿ ಕುಳಿತಳು, ಮುದಕವ್ವನೂ ಹತ್ತಿದಳು. ಹುಕ್ಕೇರಿಯ ಡಾಕ್ಟರು ನೋಡಿದವರೇ ಗೋಕಾಕಿಗೆ ಕಳಿಸಿದರು. ಅಲ್ಲಿ ಮಕ್ಕಳ ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಜಹೀರಾ, ಮೂವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು, ಮೂಡಲಗಿಯವರು. ಹುಡುಗಿಯ ಕೈ ನೋಡಿ ಗಾಬರಿಯಾಗಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೀಗಾಗುತ್ತದೆ ಎಂದು ಹೇಳಿ, ನರಕ್ಕೆ ನಿಧಾನವಾಗಿ ಇಂಜೆಕ್ಷನ್ ಕೊಟ್ಟರು. ನೋಡನೋಡುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮುದಕವ್ವ ಗೋಡೆಗೆ ಒರಗಿ ಕುಳಿತಳು. ಒಂಬತ್ತು ವರ್ಷ ಅವಳು ಮನಸ್ಸಿನಲ್ಲಿ ಹೊತ್ತು ತಿರುಗಿದ್ದ ಆ ಕೈಗಳಿಗೆ ಬೇಕಾಗಿದ್ದದ್ದು ಇಷ್ಟು ಸಣ್ಣ ಸೀಸೆಯ ಔಷಧಿಯೇ?

ಮರುದಿನ ರಕ್ತ, ಮೂತ್ರ, ಮಲದ ವರದಿಗಳು ಬಂದವು. ಡಾಕ್ಟರ್ ಜಹೀರಾ ಅವನ್ನು ಎರಡು ಸಲ ಓದಿದರು.

"ಮೈಯಾಗ ಪ್ರೋಟೀನ್ ಭಾಳ ಕಡಿಮಿ ಐತ್ರಿ. ಮೂತ್ರದಾಗ ಹೋಗಾಕತ್ತಿಲ್ಲ, ಲಿವರ್ ಚಲೋ ಐತಿ. ಅಂದ್ರ ಕರಳಿನಾಗ ಸೋರಾಕತ್ತೈತಿ. ಮೊದಲ ಮನ್ಯಾಗ ಯಾರಿಗರ ಹಿಂಗ ಆಗಿತ್ತೇನು? ಇಕಿ ಹಿರೇ ಮಗಳೇನು?"

ರಾತ್ರಿಯೇ ಬಂದಿದ್ದ ಬಾಳೇಶ ನೆಲ ನೋಡಿದ. ನಂದಾ, "ಇಕಿ ಒಬ್ಬಾಕಿನರಿ" ಎಂದಳು. ಮುದಕವ್ವನೂ ಸುಮ್ಮನಿದ್ದಳು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯ ಮೂಲಕ ಕ್ಯಾಮೆರಾದ ನಳಿಕೆ ಇಳಿಸಿ ಸಣ್ಣ ಕರುಳನ್ನು ನೋಡಿದರು, ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕಾಗದ ಬಂದ ಮೇಲೆ ಮೂವರೂ ಮತ್ತೆ ಡಾಕ್ಟರ್ ಜಹೀರಾ ಎದುರು ಕುಳಿತರು. ಅವರು ತೋರಿಸಿದ ಚಿತ್ರದಲ್ಲಿ ಕರುಳಿನ ಕೆಂಪು ಗೋಡೆಯ ಮೇಲೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದವು.

"ಇದಕ್ಕ ಇಂಟೆಸ್ಟೈನಲ್ ಲಿಂಫ್ಯಾಂಜಿಯೆಕ್ಟೇಸಿಯಾ ಅಂತಾರ. ಲಕ್ಷ ಮಂದ್ಯಾಗ ಒಬ್ಬರಿಗೂ ಬರೂದು ಅಪರೂಪ. ಹೆಸರ ಬಿಡ್ರಿ, ಆಗೂದು ಏನ್ ಅಂತ ಹೇಳ್ತೀನಿ. ಮೈಯಾಗ ರಕ್ತದ ನರ ಅದಾವಲ್ಲ, ಹಂಗ ಇನ್ನೊಂದು ಜಾತಿ ಸಣ್ಣ ನಾಳ ಅದಾವು. ಉಂಡ ಜಿಡ್ಡು ಸಣ್ಣ ಕರಳಿನಿಂದ ಆ ನಾಳದಾಗ ಹಾಲಿನಂಗ ಹರದ ಹೋಗತೈತಿ. ಇಕಿ ನಾಳ ಹುಟ್ಟಿನಿಂದನ ಸರಿ ಇಲ್ಲ. ರಸ ಮುಂದ ಹೋಗಾಕ ಆಗದ ಉಬ್ಬಿ ಒಡದಾವು." ಬಾಳೇಶನ ಕಡೆ ತಿರುಗಿದರು. "ಕಾಲುವ್ಯಾಗ ಹೂಳ ತುಂಬಿ ದಂಡಿ ಒಡದ್ರ ಏನಾಗತೈತಿ?"

"ನೀರೆಲ್ಲಾ ಹಳ್ಳ ಸೇರತೈತ್ರಿ."

"ಹಂಗ ಮೈಯಾನ ಸತ್ವ ಎಲ್ಲಾ ಕರಳಿನಾಗ ಸೋರಿ ಹೊರಗ ಹೊಂಟೈತಿ. ರಕ್ತದಾಗ ಸತ್ವ ಇಲ್ಲಂದ್ರ ನೀರ ನಿಲ್ಲಂಗಿಲ್ಲ, ಕಾಲಿಗಿ ಇಳಿತೈತಿ."

"ಔಷಧ ಐತೇನ್ರಿ ಇದಕ್ಕ?" ನಂದಾ ಕೇಳಿದಳು.

"ಊಟನ ಔಷಧ. ಒಡದ ಕಾಲುವಿಗಿ ಮತ್ತ ನೀರ ಬಿಡಬಾರದು. ತುಪ್ಪ, ಬೆಣ್ಣಿ, ಕೆನಿ, ಶೇಂಗಾ, ಕರದದ್ದು ಎಲ್ಲಾ ಬಂದ್. ಒಂದು ಬ್ಯಾರೆ ನಮೂನಿ ಎಣ್ಣಿ ಬರದ ಕೊಡ್ತೀನಿ. ಅದು ಈ ನಾಳದ ದಾರಿ ಹಿಡಿಯಂಗಿಲ್ಲ, ಸೀದಾ ರಕ್ತಕ್ಕ ಹೋಗತೈತಿ. ಬ್ಯಾಳಿ, ತತ್ತಿ ಬಿಳಿಭಾಗ, ಕೆನಿ ಪೂರಾ ತಗದ ಹಾಲು ಕೊಡ್ರಿ. ಹುಡುಗಿ ಬದುಕತಾಳ, ಹೆದರಬ್ಯಾಡ್ರಿ. ಆದ್ರ ಒಂದ ಮಾತ. ತುಪ್ಪ ಹಾಕಿದಷ್ಟೂ ಆ ನಾಳ ಒಡಿತಾವು."

ಬಾಳೇಶ ರೋಗದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡ. ನಂದಾ ಏನೇನು ಕೊಡಬಾರದೆಂದು ಮತ್ತೊಮ್ಮೆ ಕೇಳಿದಳು. ಮುದಕವ್ವನ ಕಿವಿಯಲ್ಲಿ ಕೊನೆಯ ಮಾತೊಂದೇ ಉಳಿದಿತ್ತು.

ಅಂದಿನಿಂದ ಕೊಟ್ಟಿಗೆಯ ದನಿ ಬೇರೆಯಾಯಿತು. ಅದೇ ಸಣ್ಣ ದನಿ, ಅದೇ ಬೆನ್ನ ಹಿಂದಿನ ಉಸಿರು. ಆದರೆ ಈಗ ಅದು ಬೆಣ್ಣೆ ಬೇಡುತ್ತಿರಲಿಲ್ಲ. "ಸಾಕು ಆಯಿ" ಎನ್ನುತ್ತಿತ್ತು. ಖರೆ ಹೇಳಬೇಕೆಂದರೆ ಈ ಮಾತು ಅವಳಿಗೆ ಹೊಸದಲ್ಲ. ಕೊನೆಯ ತಿಂಗಳಲ್ಲಿ ಹುಡುಗ ಎಷ್ಟೋ ಸಲ ಹಾಗೆಂದಿದ್ದ, ಅವಳು "ಇನ್ನೊಂದ ತುತ್ತು" ಎಂದಿದ್ದಳು. ಅದನ್ನು ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದಳೋ ಅವಳಿಗೇ ತಿಳಿಯದು. ಕಡೆಗೋಲು ಕೈಯಿಂದ ಜಾರಿತು. ಮುದಕವ್ವ ಅಂದಿನಿಂದ ಮಜ್ಜಿಗೆ ಕಡೆಯಲಿಲ್ಲ.

ಮೂರು ವಾರ ತಡೆದಳು. ಒಂದು ಗುರುವಾರ, ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಮೂಡಲಗಿಯ ಬಸ್ಸು ಹತ್ತಿದಳು. ಗುರುವಾರದ ದಿನ ಡಾಕ್ಟರ್ ಜಹೀರಾ ಮೂಡಲಗಿಯಲ್ಲಿ ರೋಗಿಗಳನ್ನು ನೋಡುತ್ತಾರೆಂದು ಆಸ್ಪತ್ರೆಯಲ್ಲಿ ಕೇಳಿಕೊಂಡಿದ್ದಳು. ಸೀರೆಯ ಚೀಲದೊಳಗೆ, ಟ್ರಂಕಿನ ತಳದಿಂದ ತೆಗೆದ ಹಳೆಯ ಫೈಲಿತ್ತು. ತಮ್ಮನ ಮನೆಯ ಓಣಿ ದಾಟಿಯೇ ಹೋದಳು, ಒಳಗೆ ಕಾಲಿಡಲಿಲ್ಲ.

ಡಾಕ್ಟರು ಫೈಲಿನ ಮೇಲಿನ ಹೆಸರು ಓದಿ ತಲೆ ಎತ್ತಿದರು.

"ಇಂವಾ ಯಾರ್ರಿ ಆಯಿ?"

"ಮೊಮ್ಮಗಾರಿ ಡಾಕ್ಟರ್ ಬಾಯಾರ. ಹೋಗಿ ಒಂಬತ್ತು ವರ್ಷ ಆತು. ನೀವು ಕೇಳಿದಾಗ ನಾವ ಯಾರೂ ಬಾಯಿ ಬಿಡಲಿಲ್ಲ."

ಜಹೀರಾ ಒಂದೊಂದೇ ಹಾಳೆ ತಿರುವಿದರು. ಹೊರಗೆ ಮಕ್ಕಳು ಅಳುತ್ತಿದ್ದವು, ಅವರು ಅವಸರ ಮಾಡಲಿಲ್ಲ.

"ಇವನಿಗೂ ಅದನ ಇತ್ತು ಅನಸತೈತಿ. ಆಗ ಯಾರಿಗೂ ಹೊಳದಿಲ್ಲ."

"ನಾ ಅವನಿಗಿ ತುಪ್ಪ ತಿನಸೀನ್ರಿ. ದಿನಾ. ಅವರವ್ವ ಬ್ಯಾಡ ಅಂತಿದ್ಲು. ಉಂಡ ಕೂಡ್ಲೆ ಹೊಟ್ಟಿ ಕೆಡತೈತಿ, ಬರೇ ಗಂಜಿ ಕೊಡೂಣು ಅಂತಿದ್ಲು. ಆಕಿ ಅತ್ಲಾಗ ಹೋದ ಕೂಡ್ಲೆ ನಾ ಕದ್ದು ತಿನಸ್ತಿದ್ದೆ." ಮುದಕವ್ವ ಮೇಜಿನ ಅಂಚು ಹಿಡಿದಳು. "ನನಗ ಸಮಾಧಾನ ಹೇಳಬ್ಯಾಡ್ರಿ. ಖರೆ ಹೇಳ್ರಿ. ನನ್ನಿಂದ ಹೋದನೇನು?"

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು.

"ಸುಳ್ಳ ಹೇಳಂಗಿಲ್ಲ ಆಯಿ. ತುಪ್ಪದಿಂದ ಅವನ ತ್ರಾಸ ಹೆಚ್ಚ ಆಗಿರಬೇಕು. ಆದ್ರ ತುಪ್ಪ ಬಿಟ್ಟಿದ್ರ ಉಳೀತಿದ್ದ ಅಂತ ಹೇಳಾಕ ನನ್ನ ಕೈಲೆ ಆಗೂದಿಲ್ಲ. ರೋಗ ನೀವು ಕೊಟ್ಟದ್ದಲ್ಲ. ತುಪ್ಪ ತಿನಸ್ರಿ ಅಂತ ಇಲ್ಲಿ ಡಾಕ್ಟರ್ರ ಬರದಾರ, ನೋಡ್ರಿ." ಹಾಳೆಯ ಮೇಲೆ ಬೆರಳಿಟ್ಟರು. "ಓದಿದವರಿಗಿ ಗೊತ್ತಾಗಲಿಲ್ಲ. ಅವರವ್ವ ಮಾತ್ರ ಸರಿ ಹಿಡದಿದ್ಲು."

ಮುದಕವ್ವ ಬಂದದ್ದು ಶಿಕ್ಷೆ ಕೇಳಲಿಕ್ಕೆ. ಹೋಗುವಾಗ ಅವಳ ಕೈಯಲ್ಲಿದ್ದದ್ದು ಆ ಕೊನೆಯ ಮಾತು. ಅದು ಶಿಕ್ಷೆಗಿಂತ ಭಾರವಾಗಿತ್ತು. ಯಾಕೆಂದರೆ ಹುಡುಗನನ್ನು ಮಣ್ಣಿಗೆ ಇಳಿಸಿದ ದಿನ, ಬಂಧು ಬಳಗವೆಲ್ಲ ಸೇರಿದ್ದ ಅಂಗಳದಲ್ಲಿ, ಎದೆ ಬಡಿದುಕೊಳ್ಳುತ್ತ ಮುದಕವ್ವ ನಂದಾಳ ಕಡೆ ಕೈ ತೋರಿಸಿ ಕೂಗಿದ್ದಳು: "ಇಕಿ ನನ್ನ ಕೂಸಿನ್ನ ಉಪಾಸ ಕೆಡವಿ ಕೊಂದ್ಲು!" ನಂದಾ ಆಗ ಒಂದು ಮಾತೂ ಆಡಿರಲಿಲ್ಲ. ಆಮೇಲೆಯೂ ಆಡಲಿಲ್ಲ. ಆದರೆ ಅಂದಿನಿಂದ ಮದುವೆ ಮುಂಜಿಗಳಲ್ಲಿ ಹೆಂಗಸರು ಅವಳ ಮಡಿಲಿಗೆ ತಮ್ಮ ಕೂಸುಗಳನ್ನು ಕೊಡುತ್ತಿರಲಿಲ್ಲ.

ಬಸ್ಸಿಳಿದು ಮನೆಗೆ ಬಂದಾಗ ಸಂಜೆ. ನಂದಾ ಹೊರಗಿನ ಒಲೆಯ ಮುಂದೆ ಬೇಳೆ ಬೇಯಿಸುತ್ತಿದ್ದಳು. ಮುದಕವ್ವ ಚೀಲ ಕೆಳಗಿಟ್ಟು ನಿಂತೇ ಎಲ್ಲವನ್ನೂ ಹೇಳಿಬಿಟ್ಟಳು. ಅಂದು ಕದ್ದು ಉಣಿಸಿದ್ದು, ಈಗ ವಿಜಯಶ್ರೀಗೂ ಹನ್ನೊಂದು ದಿನ ಉಣಿಸಿದ್ದು, ಪಾದದ ಗುಳಿ ನೋಡಿಯೂ ಮುಚ್ಚಿಟ್ಟದ್ದು, ಡಾಕ್ಟರು ಹೇಳಿದ್ದು.

ನಂದಾ ಬೇಳೆಯ ನೊರೆ ತೆಗೆಯುತ್ತಲೇ ಇದ್ದಳು. ನೊರೆ ಮುಗಿದ ಮೇಲೂ ಸೌಟು ಆಡಿಸುತ್ತಿದ್ದಳು.

"ಸ್ವಪ್ನಿಲ್‌ಗ ತಿನಸಿದ್ದು ನನಗ ಆಗನ ಗೊತ್ತಿತ್ತು ಅತ್ತಿ."

"ಏನು?"

"ನನ್ನ ಮಗ್ಗಲಾಗ ಮಲಗತಿದ್ದ. ಬಾಯಿಂದ ತುಪ್ಪದ ವಾಸನಿ ಬರ್ತಿತ್ತು. ನಿಮ್ಮನ್ನ ತಡೀಬೇಕಂತ ದಿನಾ ಅನ್ಕೋತಿದ್ದೆ. ಆದ್ರ ತಿಂದ ಬಂದಾಗ ಒಂದೀಟ ನಗತಿದ್ದ. ಬರೇ ಗಂಜಿ ಕುಡಿಸಿದ್ರ ನನ್ನ ಮಾರಿ ಸೈತ ನೋಡ್ತಿರಲಿಲ್ಲ. ಆ ನಗಿ ಸಲುವಾಗಿ ನಾ ಸುಮ್ನಿದ್ದೆ." ಸೌಟು ಕೆಳಗಿಟ್ಟಳು. "ತಪ್ಪು ನಿಮ್ಮದ ಅಷ್ಟ ಅಲ್ಲ. ಅದನ್ನ ನಾ ಹೊತ್ತೀನಿ. ಆದ್ರ ಅವತ್ತ ಎಲ್ಲಾರ ಮುಂದ ನೀವು ಅಂದ ಮಾತ ಐತಲ್ಲ, ಅದು ನನಗ ಇಳಸಾಕ ಆಗವಲ್ದು. ಇಕಿಗಿ ತಿನಸಿದ್ದು ಕೇಳಿ ಮತ್ತ ಎದಿ ಉರಿಯಾಕತ್ತೈತಿ. ಈಗ ಒಳಗ ಹೋಗ್ರಿ. ನಿಮ್ಮ ಮಾರಿ ನೋಡಾಕ ಆಗೂದಿಲ್ಲ ನನಗ."

ಅಲ್ಲಿಂದ ಐದು ತಿಂಗಳು ಇಬ್ಬರ ನಡುವೆ ಬೇಕಾದಷ್ಟೇ ಮಾತು. ನಂದಾ ಅತ್ತೆಗೆ ತಟ್ಟೆ ಬಡಿಸಿ ಇಟ್ಟು ಹೊರಗೆ ಹೋಗುತ್ತಿದ್ದಳು. ಮುದಕವ್ವ ಎಮ್ಮೆಗಳನ್ನು ಅಲ್ಲಪ್ಪನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಕಟ್ಟಿಬಂದಳು. ಬಾಳೇಶ ಯಾಕೆಂದು ಕೇಳಿದ್ದಕ್ಕೆ, "ನನಗ ವಯಸ್ಸಾತು" ಎಂದಳು. ತುಪ್ಪದ ಕಮಟು ಗೋಡೆಗಳಿಂದ ಹೋಗಲು ಬಹಳ ದಿನ ಹಿಡಿಯಿತು. ವಿಜಯಶ್ರೀಯ ಕಾಲಿನ ಬಾವು ಮೆಲ್ಲಗೆ ಇಳಿಯಿತು. ಒಮ್ಮೆ ಜ್ವರ ಬಂದು ಮತ್ತೆ ಬಾತಾಗ ಗೋಕಾಕಿನಲ್ಲಿ ನಾಲ್ಕು ದಿನ ಬಾಟಲಿ ಹಚ್ಚಿಸಿಕೊಂಡು ಬಂದಳು. ಊಟಕ್ಕೆ ಹಟ ಮಾಡುತ್ತಿದ್ದಳು, ಬೇಸರಪಟ್ಟು ತಟ್ಟೆ ದೂಡುತ್ತಿದ್ದಳು. ಆದರೂ ಓಡುತ್ತಿದ್ದಳು. ಕೊಟ್ಟಿಗೆ ಖಾಲಿಯಾಗಿತ್ತು. "ಸಾಕು ಆಯಿ" ಎನ್ನುವ ದನಿ ಮಾತ್ರ ಅಲ್ಲಿಂದ ಎದ್ದು ಅಡುಗೆಮನೆಗೆ, ಕಟ್ಟೆಗೆ, ಅವಳು ಕುಳಿತಲ್ಲಿಗೆಲ್ಲ ಬರುತ್ತಿತ್ತು.

ಬೇಸಿಗೆಯಲ್ಲಿ ಹತ್ತರಗಿಯಲ್ಲಿ ಬಳಗದವರ ಮದುವೆ ಬಂತು. ಹೆದ್ದಾರಿಯ ಬದಿಯ ಮಂಗಲ ಕಾರ್ಯಾಲಯ. ಮಧ್ಯಾಹ್ನದ ಪಂಕ್ತಿ ಕುಳಿತಿತ್ತು. ನಂದಾ ಮಗಳಿಗೆಂದು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಮದುಮಗನ ದೊಡ್ಡವ್ವ ಪದ್ಮವ್ವ ತುಪ್ಪದ ಪಾತ್ರೆ ಹಿಡಿದು ಬಂದು, ವಿಜಯಶ್ರೀಯ ಎಲೆಗೆ ಹೋಳಿಗೆ ಹಾಕಿ, ಅದರ ಮೇಲೆ ಸೌಟು ತುಂಬ ಸುರಿದಳು.

"ಬ್ಯಾಡ್ರಿ, ಇಕಿಗಿ ಆಗಂಗಿಲ್ಲ" ಎಂದು ನಂದಾ ಎಲೆ ಎಳೆದುಕೊಂಡಳು.

"ಮದಿವ್ಯಾಗ ಒಂದ ಹೋಳಿಗಿ ತಿಂದ್ರ ಏನಾಗತೈತಿ?" ಪದ್ಮವ್ವ ದನಿ ಎತ್ತಿದಳು. "ಇಕೀನೂ ಉಪಾಸ ಕೆಡವ್ತಿಯೇನವಾ ನಂದಾ? ಒಂದ ಕಳಕೊಂಡದ್ದು ಸಾಲದ?"

ಪಂಕ್ತಿಯ ಗದ್ದಲ ತಟ್ಟನೆ ನಿಂತಿತು. ಎದುರು ಸಾಲಿನಲ್ಲಿ ಕುಳಿತಿದ್ದ ಮುದಕವ್ವ ನೆಲಕ್ಕೆ ಕೈಯೂರಿ ಎದ್ದಳು.

"ಪದ್ಮವ್ವಾ, ಬಾಯಿ ಮುಚ್ಚ. ಆ ಮಾತ ನಾ ಆಡಿದ್ದು, ಸುಳ್ಳ ಆಡಿದ್ದು. ಇಕಿ ಮಗನ್ನ ಉಪಾಸ ಕೆಡವಿಲ್ಲ. ತುಪ್ಪ ತಿಂದ್ರ ಹೆಚ್ಚ ಆಗೂ ರೋಗ ಅವಂದು. ಅವ್ವ ಬ್ಯಾಡ ಅಂದ್ಲು, ನಾ ಕದ್ದು ತಿನಸಿದ್ನಿ. ಅಂವಾ ಸಾಕು ಅಂದ್ರೂ ತಿನಸಿದ್ನಿ. ಈಕೀಗೂ ತಿನಸಿ ದವಾಖಾನಿಗಿ ಹಾಕಿದ್ನಿ. ಯಾರಿಗರ ಬೈಬೇಕಂದ್ರ ನನಗ ಬೈರಿ. ಅವತ್ತ ಅಂಗಳದಾಗ ಇದ್ದವರು ಎಲ್ಲಾರೂ ಇಲ್ಲಿ ಅದೀರಿ, ಅದಕ್ಕ ಹೇಳಾಕತ್ತೇನಿ."

ಗಂಡಸರ ಸಾಲಿನಲ್ಲಿದ್ದ ಬಾಳೇಶ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ, ತಾಯಿಯ ಮುಖ ನೋಡಿ, ಎದ್ದು ಹೊರಗೆ ಹೋದ. ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಅವನನ್ನು ಮಾತನಾಡಿಸಲು ಮುಂದೆ ಎಷ್ಟು ದಿನ ಬೇಕೋ ಎಂದು ಮುದಕವ್ವನಿಗೆ ಅನಿಸಿತು. ಅವಳು ನಿಂತೇ ಇದ್ದಳು, ಕುಳಿತುಕೊಳ್ಳುವುದು ಹೇಗೆಂದು ಮರೆತವಳಂತೆ.

ವಿಜಯಶ್ರೀ ಅವ್ವನ ಸೆರಗು ಜಗ್ಗಿದಳು. "ಯವ್ವಾ, ಯಾರ ಮಗಾ? ಯಾರಂವಾ?"

ನಂದಾ ಡಬ್ಬಿಯನ್ನೂ ಮಗಳನ್ನೂ ಎತ್ತಿಕೊಂಡು ಪಂಕ್ತಿ ದಾಟಿ ಬಂದು, ಮುದಕವ್ವನ ಎಲೆಯ ಪಕ್ಕ ಕುಳಿತಳು. ಅತ್ತೆಯ ಮುಖ ನೋಡಲಿಲ್ಲ, ಕೈ ಹಿಡಿಯಲಿಲ್ಲ.

"ಕುಂದರ್ರಿ ಅತ್ತಿ. ಇಕಿ ಕೇಳಾಕತ್ತಾಳಲ್ಲ. ನನಗ ಒಬ್ಬಾಕಿಗೇ ಹೇಳಾಕ ಆಗೂದಿಲ್ಲ."

ಮುದಕವ್ವ ಕುಳಿತಳು. ಸುತ್ತ ಮತ್ತೆ ಬಡಿಸುವವರ ಓಡಾಟ ಶುರುವಾಗಿತ್ತು.

"ನಿನಗೊಬ್ಬ ಅಣ್ಣ ಇದ್ದ," ಎಂದಳು ನಂದಾ ಮಗಳಿಗೆ. "ಸ್ವಪ್ನಿಲ್ ಅಂತ."

"ನನ್ನಂಗ ಇದ್ದನ?"

ನಂದಾ ಅತ್ತೆಯ ಕಡೆ ತಿರುಗಿದಳು. ಮುದಕವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿನಗಿಂತ ಕರ್ರಗಿದ್ದ" ಎಂದು ಶುರುಮಾಡಿದಳು. ಹುಡುಗಿ ಡಬ್ಬಿಯ ಅನ್ನಕ್ಕೆ ಕೈ ಹಾಕಿ, ಕೇಳುತ್ತ ಉಣ್ಣತೊಡಗಿದಳು.